ಮೆಷಿನ್ ಬಂತು, ವಿದ್ಯೆ ಬರಬೇಕಿದೆ

ಮಳೆಗಾಲಕ್ಕೆ ಮುಂಚಿನ ಎರಡು ತಿಂಗಳು ಚೆಟ್ಟಳ್ಳಿಯ ಯಾವ ತೋಟದ ಪಕ್ಕ ನಿಂತರೂ ಒಂದು ಸದ್ದು ಕೇಳಿಸುತ್ತದೆ. ಅದು ಚೈನ್‌ಸಾ. ಆದರೆ ನಮ್ಮ ಕಡೆ ಆ ಹೆಸರು ಹೇಳುವವರು ಕಡಿಮೆ. ಎಲ್ಲರಿಗೂ ಅದು ಬರೀ ‘ಮೆಷಿನ್’. ‘ಮೆಷಿನ್‌ನವರು ನಾಳೆ ಬರ್ತಾರಂತೆ’ ಎಂದರೆ ಸಾಕು, ಯಾವ ಮೆಷಿನ್ ಎಂದು ಯಾರೂ ಕೇಳುವುದಿಲ್ಲ.

ಕಾಫಿ ನೆರಳಿನ ಬೆಳೆ. ನೆರಳು ಕಡಿಮೆಯಾದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬೀಳುತ್ತದೆ. ನೆರಳು ಹೆಚ್ಚಾದರೆ ಮಳೆಗಾಲದಲ್ಲಿ ಗಾಳಿ, ಬೆಳಕು ಆಡದೆ ಕೊಳೆರೋಗ ಬರುತ್ತದೆ. ಹಾಗಾಗಿ ಪ್ರತಿ ವರ್ಷ ಮಳೆಗೆ ಮೊದಲು ಮರಗಳ ಕೊಂಬೆ ಸವರಿ ನೆರಳನ್ನು ಹದ ಮಾಡಬೇಕು. ನಾವು ಇದನ್ನು ಮರ ಕಪಾತು ಎನ್ನುತ್ತೇವೆ. ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಮರಗಸಿ ಎನ್ನುತ್ತಾರೆ. ಇದರ ಜೊತೆಗೆ ಒಣಗಿದ ಮರ, ಮನೆಯ ಮೇಲೆ ಬಾಗಿದ ಮರ, ಮಾರಾಟಕ್ಕೆ ಬಂದ ಸಿಲ್ವರ್ ಓಕ್ ಎಲ್ಲವನ್ನೂ ಕಡಿಯುವ ಕೆಲಸ ಇರುತ್ತದೆ. ಮೊದಲು ಕೊಡಲಿ, ಕತ್ತಿ, ಇಬ್ಬರು ಎಳೆಯುವ ಗರಗಸದಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಕೆಲಸ ಈಗ ಗಂಟೆಗಳಲ್ಲಿ ಮುಗಿಯುತ್ತದೆ.

ಈ ಕೆಲಸಕ್ಕೆ ಕೂಲಿ ಚೆನ್ನಾಗಿದೆ. ಪಿಯುಸಿ ಮುಗಿಸಿ ಅಥವಾ ಅರ್ಧಕ್ಕೆ ಬಿಟ್ಟು ಮೆಷಿನ್ ಹಿಡಿದ ನನ್ನ ವಯಸ್ಸಿನ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಜೊತೆಗೆ ‘ಮರ ಕಪಾತು ಮಾಡುವಾಗ ಬಿದ್ದು ಕಾರ್ಮಿಕ ಸಾವು’, ‘ಮರ ಉರುಳಿ ಯುವಕ ಸಾವು’ ಎಂಬ ಸುದ್ದಿಯೂ ಕೊಡಗಿನ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಬೈಕ್ ಓಡಿಸಲು ಲೈಸೆನ್ಸ್ ಬೇಕು. ಆದರೆ ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಹಲ್ಲಿನ ಸರಪಳಿಯನ್ನು ಕೈಯಲ್ಲಿ ಹಿಡಿಯಲು ನಮ್ಮಲ್ಲಿ ಯಾರೂ ಪಾಠ ಹೇಳಿಕೊಡುವುದಿಲ್ಲ. ನೋಡಿ ಕಲಿಯಬೇಕು, ಅಷ್ಟೇ.

ನಾನು ಓದುತ್ತಿರುವುದು ಮೆಕ್ಯಾನಿಕಲ್ ಎಂಜಿನಿಯರಿಂಗ್. ತರಗತಿಯ ಬೋರ್ಡಿನ ಮೇಲೆ ಕಂಡ ಟು-ಸ್ಟ್ರೋಕ್ ಎಂಜಿನ್, ಬಾಗುವ ತೊಲೆಯ ಲೆಕ್ಕ, ಬೆಣೆಯ ಲೆಕ್ಕ ಇವೆಲ್ಲ ರಜೆಗೆ ಊರಿಗೆ ಬಂದಾಗ ಒಂದು ಮರದ ಬುಡದಲ್ಲಿ ಒಟ್ಟಿಗೆ ಸಿಗುತ್ತವೆ. ಪಕ್ಕದ ತೋಟಕ್ಕೆ ಬರುವ, ಮೂವತ್ತು ವರ್ಷ ಮರದ ಕೆಲಸ ಮಾಡಿದ ಅಣ್ಣನೊಬ್ಬರ ಬಳಿ ಕೇಳಿ ತಿಳಿದಿದ್ದನ್ನೂ ಪುಸ್ತಕದಲ್ಲಿ ಓದಿದ್ದನ್ನೂ ಸೇರಿಸಿ, ಮೆಷಿನ್ ಹಿಡಿಯಬಹುದಾದ ಯಾವುದೇ ಗೆಳೆಯನಿಗೆ ಅರ್ಥವಾಗುವಂತೆ ಇಲ್ಲಿ ಬರೆದಿದ್ದೇನೆ.

ಆಪರೇಷನ್ ಕೋಣೆಯಿಂದ ಕಾಡಿಗೆ

ಸರಪಳಿಗೆ ಹಲ್ಲು ಕಟ್ಟುವ ಯೋಚನೆ ಮೊದಲು ಬಂದದ್ದು ಮರ ಕಡಿಯುವವರಿಗಲ್ಲ, ವೈದ್ಯರಿಗೆ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಎಂಬ ವೈದ್ಯರು ಎಲುಬು ಕೊಯ್ಯಲು ಕೈಯಿಂದ ಎಳೆಯುವ ಸಣ್ಣ ಸರಪಳಿ ಗರಗಸ ಬಳಸಿದರು. ಕಷ್ಟದ ಹೆರಿಗೆಯಲ್ಲೂ ಅದು ಬಳಕೆಯಾಗುತ್ತಿತ್ತು. ಮರಕ್ಕೆ ಅದು ಬಂದದ್ದು ತುಂಬಾ ತಡವಾಗಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಚೈನ್‌ಸಾ, 1929ರಲ್ಲಿ ಪೆಟ್ರೋಲ್ ಚೈನ್‌ಸಾ ತಯಾರಿಸಿದರು. ಆಗಿನ ಮೆಷಿನ್ ಎತ್ತಲು ಇಬ್ಬರು ಬೇಕಿತ್ತು.

ಇನ್ನೊಂದು ಕಥೆ ಕಾಫಿಯವರಿಗೆ ಇಷ್ಟವಾಗಬಹುದು. ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್, 1946ರಲ್ಲಿ ಮರದ ದಿಮ್ಮಿಯೊಳಗೆ ದುಂಬಿಯ ಹುಳುವೊಂದು ಕೊರೆಯುವುದನ್ನು ಗಮನಿಸಿದ. ಅದು ಮರದ ನಾರಿನ ಜೊತೆಗೂ ಅಡ್ಡಕ್ಕೂ ಎಡ-ಬಲ ದವಡೆಯಾಡಿಸಿ ಸಲೀಸಾಗಿ ಸಾಗುತ್ತಿತ್ತು. ಅದೇ ಆಕಾರದಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಹಲ್ಲು ಬಲಕ್ಕೆ ಬಾಗಿದ ಚೈನನ್ನು ಆತ ಮಾಡಿದ. ಇಂದು ನಾವು ಬಳಸುವ ಚೈನ್ ಅದರ ವಂಶದ್ದೇ. ಆ ಹುಳುವಿನ ದುಂಬಿ ಉದ್ದ ಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದು. ನಮ್ಮ ಅರೇಬಿಕಾ ಗಿಡ ಹಾಳು ಮಾಡುವ ಬಿಳಿ ಕಾಂಡಕೊರಕವೂ ಅದೇ ಕುಟುಂಬದ್ದು. ನಮಗೆ ಶತ್ರುವಾದ ಹುಳುವಿನ ನೆಂಟನೇ ಚೈನ್‌ಸಾಗೆ ಗುರು.

ಮೆಷಿನ್‌ನ ಅಂಗಾಂಗ

ಚೈನ್‌ಸಾದಲ್ಲಿ ಮುಖ್ಯವಾಗಿ ಮೂರು ಭಾಗ: ಎಂಜಿನ್, ಬಾರ್, ಚೈನ್.

ಎಂಜಿನ್ ಟು-ಸ್ಟ್ರೋಕ್. ಇದರಲ್ಲಿ ಬೈಕಿನ ಹಾಗೆ ಬೇರೆ ಆಯಿಲ್ ಸಂಪ್ ಇರುವುದಿಲ್ಲ. ಪಿಸ್ಟನ್‌ಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗಬೇಕು. ಕಂಪನಿ 50:1 ಎಂದು ಬರೆದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. 2ಟಿ ಆಯಿಲ್, 25:1 ಎಂದಿದ್ದರೆ 40 ಮಿ.ಲೀ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ. ಬಿಸಿ ಎಂಜಿನ್‌ಗೆ ಪೆಟ್ರೋಲ್ ತುಂಬಬಾರದು. ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ದೂರ ಹೋಗಿ ಸ್ಟಾರ್ಟ್ ಮಾಡಬೇಕು.

ಎಂಜಿನ್ ನಿಧಾನಕ್ಕೆ ಓಡುವಾಗ ಚೈನ್ ನಿಂತಿರುತ್ತದೆ. ಆಕ್ಸಲರೇಟರ್ ಒತ್ತಿದಾಗ ಒಳಗಿನ ಕ್ಲಚ್ ಅರಳಿ ಸ್ಪ್ರಾಕೆಟ್ ಹಿಡಿಯುತ್ತದೆ, ಚೈನ್ ಓಡುತ್ತದೆ. ಕೈ ಬಿಟ್ಟ ಮೇಲೂ ಚೈನ್ ತೆವಳುತ್ತಿದ್ದರೆ ಐಡ್ಲಿಂಗ್ ಸರಿಯಿಲ್ಲ ಎಂದರ್ಥ. ಸರಿಮಾಡದೆ ಅದನ್ನು ಬಳಸಬಾರದು.

ಬಾರ್ ಎಂದರೆ ಚೈನ್ ಓಡುವ ಉದ್ದನೆಯ ಪಟ್ಟಿ. ಅದರ ಅಂಚಿನುದ್ದಕ್ಕೂ ಒಂದು ಗಾಡಿ ಇದೆ. ಚೈನಿನ ಕೆಳಗಿನ ಮೊನೆಗಳು, ಅಂದರೆ ಡ್ರೈವ್ ಲಿಂಕ್‌ಗಳು, ಆ ಗಾಡಿಯಲ್ಲಿ ಓಡುತ್ತವೆ. ಬಾರ್ ಮತ್ತು ಚೈನ್ ಉಜ್ಜಿ ಸವೆಯದಂತೆ ಒಂದು ಪಂಪ್ ಪ್ರತ್ಯೇಕ ಟ್ಯಾಂಕಿನಿಂದ ಎಣ್ಣೆ ಹಾಯಿಸುತ್ತದೆ. ಇದಕ್ಕೆ ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವವರಿದ್ದಾರೆ. ಅದರೊಳಗಿನ ಕಸ ಪಂಪ್ ಕಟ್ಟಿಸುತ್ತದೆ, ಚರ್ಮಕ್ಕೂ ಮಣ್ಣಿಗೂ ಒಳ್ಳೆಯದಲ್ಲ.

ಹೊಸ ಚೈನ್ ಕೊಳ್ಳಲು ಮೂರು ಸಂಖ್ಯೆ ಗೊತ್ತಿರಬೇಕು. ಮೊದಲನೆಯದು ಪಿಚ್: ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳ ದೂರ ಅಳೆದು ಎರಡರಿಂದ ಭಾಗಿಸಿದರೆ ಬರುವುದು. ಸಾಮಾನ್ಯವಾಗಿ ಕಾಣುವುದು .325 ಇಂಚು ಅಥವಾ 3/8 ಇಂಚು. ಎರಡನೆಯದು ಗೇಜ್: ಡ್ರೈವ್ ಲಿಂಕಿನ ದಪ್ಪ, 1.3, 1.5 ಅಥವಾ 1.6 ಮಿ.ಮೀ. ಮೂರನೆಯದು ಒಟ್ಟು ಡ್ರೈವ್ ಲಿಂಕ್‌ಗಳ ಸಂಖ್ಯೆ. ಅಂಗಡಿಗೆ ಹೋಗಿ ‘ಹದಿನೆಂಟು ಇಂಚಿನ ಚೈನ್ ಕೊಡಿ’ ಎಂದರೆ ಸಾಲದು; ಈ ಮೂರರಲ್ಲಿ ಒಂದು ತಪ್ಪಿದರೂ ಚೈನ್ ಕೂರುವುದಿಲ್ಲ.

ಈಗ ಮೇಲೆ ಹೇಳಿದ ವೇಗದ ಲೆಕ್ಕ. .325 ಇಂಚು ಎಂದರೆ ಸುಮಾರು 8.25 ಮಿ.ಮೀ. ಏಳು ಹಲ್ಲಿನ ಸ್ಪ್ರಾಕೆಟ್ ಒಂದು ಸುತ್ತು ಸುತ್ತಿದರೆ ಏಳು ಡ್ರೈವ್ ಲಿಂಕ್, ಅಂದರೆ ಹದಿನಾಲ್ಕು ಪಿಚ್ ಎಳೆಯುತ್ತದೆ: ಸುಮಾರು 115 ಮಿ.ಮೀ. ನಿಮಿಷಕ್ಕೆ 10,000 ಸುತ್ತು ಎಂದರೆ ಸೆಕೆಂಡಿಗೆ 19 ಮೀಟರ್‌ಗೂ ಹೆಚ್ಚು, ಗಂಟೆಗೆ ಸುಮಾರು 69 ಕಿ.ಮೀ. ಚೆಟ್ಟಳ್ಳಿಯಿಂದ ಮಡಿಕೇರಿಗೆ ಹೋಗುವ ತಿರುವುಗಳಲ್ಲಿ ಬಸ್ಸು ಕೂಡ ಅಷ್ಟು ವೇಗದಲ್ಲಿ ಹೋಗುವುದಿಲ್ಲ.

ಅರದ ಕೆಲಸ ಅರ್ಧ ಕೆಲಸ

ಮೆಷಿನ್ ಮರ ಕಡಿಯುವುದು ಬಲದಿಂದಲ್ಲ, ಹರಿತದಿಂದ. ಚೈನ್ ಹರಿತವಾಗಿದೆಯೇ ಎಂದು ತಿಳಿಯಲು ನೆಲ ನೋಡಿ. ಉದುರುತ್ತಿರುವುದು ಚಕ್ಕೆಯಾದರೆ ಚೈನ್ ಹರಿತ. ಹಿಟ್ಟಿನಂಥ ಪುಡಿಯಾದರೆ ಮೊಂಡು. ಮೊಂಡಾದ ಚೈನ್ ಇದ್ದಾಗ ನಾವು ಮೆಷಿನನ್ನು ಒತ್ತುತ್ತೇವೆ. ಒತ್ತಿದರೆ ಕೈ ಸೋಲುತ್ತದೆ, ಕೊಯ್ತ ವಾರೆಯಾಗುತ್ತದೆ, ಅಪಘಾತ ಹತ್ತಿರವಾಗುತ್ತದೆ.

ಹರಿತ ಮಾಡಲು ದುಂಡನೆಯ ಅರ ಬೇಕು. .325 ಪಿಚ್‌ಗೆ 4.8 ಮಿ.ಮೀ. ಅರ, 3/8 ಪಿಚ್‌ಗೆ 5.5 ಮಿ.ಮೀ. ಅರ ಸಾಮಾನ್ಯ ಅಳತೆ. ಹೆಚ್ಚಿನ ಚೈನ್‌ಗಳಲ್ಲಿ ಹಲ್ಲಿನ ಮೇಲೆ ಕೋನ ಸೂಚಿಸುವ ಗೆರೆ ಇರುತ್ತದೆ, ಸುಮಾರು 30 ಡಿಗ್ರಿ. ಅರವನ್ನು ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ತಳ್ಳಬೇಕು, ಹಿಂದೆ ಮುಂದೆ ಉಜ್ಜಬಾರದು. ಎಲ್ಲ ಹಲ್ಲಿಗೂ ಒಂದೇ ಲೆಕ್ಕದ ಎಳೆತ ಕೊಡಬೇಕು. ಎಡದ ಹಲ್ಲು ಉದ್ದ, ಬಲದ ಹಲ್ಲು ಗಿಡ್ಡ ಆದರೆ ಕೊಯ್ತ ಬಾಳೆಹಣ್ಣಿನಂತೆ ಬಾಗುತ್ತದೆ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬ್ಬಿಯಿದೆ. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕೆಂದು ಅದು ನಿರ್ಧರಿಸುತ್ತದೆ. ಹಲ್ಲಿಗಿಂತ ಅದು ಸುಮಾರು 0.65 ಮಿ.ಮೀ. ತಗ್ಗಿರಬೇಕು. ‘ಬೇಗ ಕಡಿಯಲಿ’ ಎಂದು ಆ ಗುಬ್ಬಿಯನ್ನು ಜಾಸ್ತಿ ಅರದಲ್ಲಿ ತಿಂದುಬಿಟ್ಟರೆ ಹಲ್ಲು ಆಳಕ್ಕೆ ಕಚ್ಚಿ ಮೆಷಿನ್ ಎಗರುತ್ತದೆ.

ಚೈನಿನ ಬಿಗಿ ನೋಡುವುದು ಸುಲಭ. ಕೈಗವಸು ಹಾಕಿಕೊಂಡು, ಎಂಜಿನ್ ನಿಲ್ಲಿಸಿ, ಚೈನನ್ನು ಬಾರಿನ ಮೇಲೆ ಎಳೆದರೆ ಸಲೀಸಾಗಿ ಓಡಬೇಕು. ಬಾರಿನ ಕೆಳಗೆ ಜೋತು ಬಿದ್ದಿರಬಾರದು. ಕೆಲಸದಲ್ಲಿ ಬಿಸಿಯಾಗಿ ಚೈನ್ ಹಿಗ್ಗುತ್ತದೆ, ಆಗ ಬಿಗಿ ಮಾಡಬೇಕಾಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಸ್ವಲ್ಪ ಸಡಿಲಿಸದಿದ್ದರೆ ತಣ್ಣಗಾಗಿ ಕುಗ್ಗಿ ಬಾರನ್ನೇ ಎಳೆಯುತ್ತದೆ.

ಎಗರುವ ಮೆಷಿನ್

ಚೈನ್‌ಸಾದಿಂದ ಆಗುವ ಭೀಕರ ಗಾಯಗಳಿಗೆ ಒಂದು ದೊಡ್ಡ ಕಾರಣ ಕಿಕ್‌ಬ್ಯಾಕ್. ಬಾರಿನ ಮೂತಿಯ ಮೇಲರ್ಧ ಯಾವುದಾದರೂ ಕೊಂಬೆಗೋ ದಿಮ್ಮಿಗೋ ತಾಗಿದರೆ, ಕೆಳಗಿಳಿಯಲು ಹೊರಟ ಹಲ್ಲು ಮರ ಕಚ್ಚಿ ನಿಲ್ಲುತ್ತದೆ. ಚೈನಿನ ವೇಗವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ, ಅಂದರೆ ಹಿಡಿದವನ ಮುಖ ಮತ್ತು ಕುತ್ತಿಗೆಯ ಕಡೆಗೆ ಎಸೆಯುತ್ತದೆ. ನಾವು ಎಚ್ಚೆತ್ತು ಕೈ ಬಿಗಿ ಮಾಡುವುದರೊಳಗೆ ಅದು ಮುಗಿದಿರುತ್ತದೆ. ಹಾಗಾಗಿ ತಡೆಯಬೇಕಾದ್ದು ಮೊದಲೇ.

ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿಂದ ಸುತ್ತಿರಬೇಕು. ಮೆಷಿನನ್ನು ಭುಜಕ್ಕಿಂತ ಮೇಲೆ ಎತ್ತಿ ಕಡಿಯಬಾರದು. ಒಂದೇ ಕೈಯಲ್ಲಿ ಹಿಡಿಯಬಾರದು. ಬಾರಿನ ನೇರಕ್ಕೆ ತಲೆ ಇಡದೆ ಸ್ವಲ್ಪ ಎಡಕ್ಕೆ ನಿಲ್ಲಬೇಕು. ಮುಂದಿನ ಹಿಡಿಯ ಎದುರಿಗಿರುವ ಗಾರ್ಡ್ ಬರೀ ಅಡ್ಡ ತಟ್ಟೆಯಲ್ಲ, ಅದೇ ಚೈನ್ ಬ್ರೇಕ್. ಮೆಷಿನ್ ಎಗರಿದಾಗ ಅದು ಮುಂದಕ್ಕೆ ಬಿದ್ದು ಚೈನನ್ನು ನಿಲ್ಲಿಸುತ್ತದೆ. ಮುರಿದ ಗಾರ್ಡ್ ಹಾಗೇ ಬಿಟ್ಟು ಕೆಲಸ ಮಾಡುವುದು ಬ್ರೇಕಿಲ್ಲದ ಜೀಪನ್ನು ಇಳಿಜಾರಿನಲ್ಲಿ ಬಿಟ್ಟಂತೆ. ಸ್ಟಾರ್ಟ್ ಮಾಡುವಾಗಲೂ ಬ್ರೇಕ್ ಹಾಕಿ, ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಬೂಟಿನಲ್ಲಿ ಅದುಮಿ ಹಗ್ಗ ಎಳೆಯಬೇಕು.

ಮೈಮೇಲಿನ ರಕ್ಷಣೆ ಎಂದರೆ ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮಫ್, ಕೈಗವಸು, ಗಟ್ಟಿ ಬೂಟು, ತೊಡೆಗೆ ಚಾಪ್ಸ್. ಚಾಪ್ಸ್ ಕೆಲಸ ಮಾಡುವ ರೀತಿ ಸೊಗಸಾಗಿದೆ. ಅದು ಚೈನನ್ನು ತಡೆಯುವ ಗೋಡೆಯಲ್ಲ. ಚೈನ್ ತಾಗಿದೊಡನೆ ಒಳಗಿನ ಉದ್ದನೆಯ ನಾರುಗಳು ಕಿತ್ತು ಬಂದು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಎಂಜಿನನ್ನೇ ನಿಲ್ಲಿಸುತ್ತವೆ. ನಮ್ಮ ಕಡೆ ಹವಾಯಿ ಚಪ್ಪಲಿ, ಲುಂಗಿಯಲ್ಲಿ ಮೆಷಿನ್ ಹಿಡಿಯುವುದು ಸಾಮಾನ್ಯ ನೋಟ. ಚೈನ್‌ಸಾದ ಸದ್ದು ನೂರು ಡೆಸಿಬಲ್ ದಾಟುತ್ತದೆ. ವರ್ಷಗಟ್ಟಲೆ ಅದರ ನಡುಕ ತಿಂದ ಬೆರಳುಗಳಿಗೆ ರಕ್ತ ಓಡದೆ ಬಿಳಿಚಿಕೊಳ್ಳುವ ಕಾಯಿಲೆಯೂ ಇದೆ. ಇವು ಒಂದು ದಿನದಲ್ಲಿ ಕಾಣುವ ಗಾಯಗಳಲ್ಲ. ಆದ್ದರಿಂದಲೇ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಕಿವಿ ಮುಚ್ಚಿಕೊಂಡರೆ ಇನ್ನೊಂದು ತೊಂದರೆ ಇದೆ. ಚೆಟ್ಟಳ್ಳಿ ಸುತ್ತಮುತ್ತ ತೋಟಗಳಲ್ಲಿ ಹಗಲಲ್ಲೇ ಆನೆ ಇರುತ್ತದೆ. ಮೆಷಿನ್ ಹಿಡಿದವನಿಗೆ ಆನೆಯ ಸದ್ದೂ ಕೇಳಿಸದು, ‘ಓಡು’ ಎಂದು ಕೂಗಿದ್ದೂ ಕೇಳಿಸದು. ಆದ್ದರಿಂದ ಕಣ್ಣಿಗೆ ಕಾಣುವ ಜಾಗದಲ್ಲಿ, ಆದರೆ ಮರ ಬೀಳುವ ವ್ಯಾಪ್ತಿಯ ಹೊರಗೆ, ಒಬ್ಬ ಜೊತೆಗಾರ ಇರಲೇಬೇಕು.

ಮರ ಬೀಳಿಸುವ ಲೆಕ್ಕ

ಆ ಅಣ್ಣ ಹೇಳುವ ಮಾತು ಚಿಕ್ಕದು: ‘ಮೊದಲು ಮೇಲೆ ನೋಡು, ಆಮೇಲೆ ಸುತ್ತ ನೋಡು, ಕೊನೆಗೆ ಮೆಷಿನ್ ಮುಟ್ಟು.’

ಮೇಲೆ ನೋಡುವುದು ಒಣ ಕೊಂಬೆಗಾಗಿ. ಮರ ಅಲುಗಿದಾಗ ಕಳಚಿ ನೇರ ತಲೆಗೆ ಬೀಳುವ ಕೊಂಬೆಗೆ ಇಂಗ್ಲಿಷಿನವರು ಇಟ್ಟ ಹೆಸರು ‘ವಿಡೋ ಮೇಕರ್’, ಹೆಂಡತಿಯನ್ನು ವಿಧವೆ ಮಾಡುವುದು. ಮರದ ವಾಲು ಯಾವ ಕಡೆ, ಕೊಂಬೆಯ ಭಾರ ಯಾವ ಕಡೆ, ಗಾಳಿ ಎತ್ತ ಎಂದೂ ನೋಡಬೇಕು. ಅಣ್ಣ ಕತ್ತಿಯ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ತೂಗಿಬಿಟ್ಟು, ಒಂದು ಕಣ್ಣು ಮುಚ್ಚಿ, ಮರವನ್ನು ಎರಡು ಬದಿಯಿಂದ ನೋಡುತ್ತಾರೆ. ಗಾರೆ ಕೆಲಸದವರ ತೂಗುಗುಂಡು ಮಾಡುವ ಕೆಲಸವನ್ನೇ ಆ ಕತ್ತಿ ಮಾಡುತ್ತದೆ.

ಸುತ್ತ ನೋಡುವುದು ಓಡುವ ದಾರಿಗಾಗಿ. ಮರ ಬೀಳುವ ದಿಕ್ಕಿಗೆ ನೇರ ಹಿಂದೆ ಓಡಬಾರದು, ಬುಡ ಹಿಂದಕ್ಕೆ ಜಾರಿ ಬರಬಹುದು. ಹಿಂದಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಎರಡು ದಾರಿ ಸವರಿ ಇಟ್ಟುಕೊಳ್ಳಬೇಕು. ಕಾಫಿ ತೋಟದಲ್ಲಿ ಇದು ಇನ್ನೂ ಮುಖ್ಯ: ಗಿಡ ಒತ್ತಾಗಿರುತ್ತದೆ, ನೆಲದಲ್ಲಿ ತೊಟ್ಟಿಲು ಗುಂಡಿ ಇರುತ್ತದೆ, ಇಳಿಜಾರು ಇರುತ್ತದೆ. ಉಳಿದವರೆಲ್ಲ ಮರದ ಎತ್ತರದ ಎರಡರಷ್ಟು ದೂರ ಇರಬೇಕು. ಮೆಣಸಿನ ಬಳ್ಳಿ ಬಿಡಿಸಿ, ಕಾಂಡದಲ್ಲಿ ಹಳೆಯ ಬೇಲಿ ತಂತಿ, ಮೊಳೆ ಹೂತಿದೆಯೇ ನೋಡಬೇಕು.

ಈಗ ಕೊಯ್ತ. ಮರ ಬೀಳಿಸಲು ಮೂರು ಮಾತು ಸಾಕು: ಕಚ್ಚು, ಕೀಲು, ಹಿಂಗೊಯ್ತ.

ಬೀಳಬೇಕಾದ ಕಡೆಗೆ ಮೊದಲು ಕಚ್ಚು ಹಾಕಬೇಕು. ಒಂದು ಓರೆ ಕೊಯ್ತ, ಒಂದು ಅಡ್ಡ ಕೊಯ್ತ ಸೇರಿ ಕಲ್ಲಂಗಡಿ ಹೋಳಿನಂತೆ ಒಂದು ತುಂಡು ಹೊರಬರುತ್ತದೆ. ಹಳೆಯ ಪದ್ಧತಿಯಲ್ಲಿ ಅದರ ಬಾಯಿ 45 ಡಿಗ್ರಿ. ಈಗ 70 ಡಿಗ್ರಿಗೂ ಹೆಚ್ಚು ಅಗಲ ತೆರೆಯುವ ಪದ್ಧತಿ ಇದೆ. ಬಾಯಿ ಅಗಲವಿದ್ದಷ್ಟೂ ಮರ ಹೆಚ್ಚು ಹೊತ್ತು ಹಿಡಿತದಲ್ಲಿ ಬೀಳುತ್ತದೆ. ಕಚ್ಚಿನ ಆಳ ಕಾಂಡದ ದಪ್ಪದ ಐದರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದು ಭಾಗ.

ಆಮೇಲೆ ಎದುರು ಬದಿಯಿಂದ ಹಿಂಗೊಯ್ತ. ಇದನ್ನು ಕಚ್ಚಿನವರೆಗೆ ಪೂರ್ತಿ ಕೊಯ್ಯಬಾರದು. ನಡುವೆ ಒಂದು ಪಟ್ಟಿ ಮರ ಉಳಿಸಬೇಕು. ಅದೇ ಕೀಲು. ಬಾಗಿಲಿನ ಕೀಲಿನ ಹಾಗೆ ಅದು ಮರವನ್ನು ಒಂದೇ ದಿಕ್ಕಿಗೆ ತಿರುಗಿಸಿ ಇಳಿಸುತ್ತದೆ. ಕೀಲಿನ ದಪ್ಪ ಕಾಂಡದ ಹತ್ತರಲ್ಲಿ ಒಂದು ಭಾಗ, ಉದ್ದ ನೂರಕ್ಕೆ 80 ಭಾಗ ಎನ್ನುವುದು ನಿಯಮ.

ಇಲ್ಲಿ ನನಗೆ ತುಂಬಾ ಹಿಡಿಸಿದ ಲೆಕ್ಕವೊಂದಿದೆ. 40 ಸೆಂ.ಮೀ. ದಪ್ಪದ ಸಿಲ್ವರ್ ಓಕ್ ತೆಗೆದುಕೊಳ್ಳಿ. ಐದರಲ್ಲಿ ಒಂದು ಎಂದರೆ ಕಚ್ಚಿನ ಆಳ 8 ಸೆಂ.ಮೀ. ವೃತ್ತದಲ್ಲಿ ಅಷ್ಟು ಆಳದಲ್ಲಿ ಎಳೆದ ಜ್ಯಾದ ಉದ್ದ ಎಷ್ಟು? 8ನ್ನು 32ರಿಂದ ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ: ಸರಿಯಾಗಿ 32 ಸೆಂ.ಮೀ. ಅಂದರೆ 40ರಲ್ಲಿ 80 ಭಾಗ! ಐದರಲ್ಲಿ ಒಂದು, ನೂರಕ್ಕೆ 80 ಎಂಬ ಎರಡು ನಿಯಮವೂ ಒಂದೇ. ಎಸ್ಸೆಸ್ಸೆಲ್ಸಿಯ ವೃತ್ತದ ಪಾಠ ಯಾವ ಕೆಲಸಕ್ಕೆ ಎಂದು ಕೇಳುವವರಿಗೆ ಇದು ಉತ್ತರ.

ಕೀಲಿನ ದಪ್ಪ ಅದೇ ಮರಕ್ಕೆ 4 ಸೆಂ.ಮೀ. ಅದನ್ನು ಆತುರದಲ್ಲಿ 2 ಸೆಂ.ಮೀ.ಗೆ ಇಳಿಸಿದರೆ ಬಲ ಅರ್ಧ ಉಳಿಯುತ್ತದೆ ಎಂದುಕೊಳ್ಳಬೇಡಿ. ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಉಳಿಯುವುದು ಕಾಲು ಭಾಗ. ಒಂದು ಬದಿ ದಪ್ಪ, ಒಂದು ಬದಿ ತೆಳ್ಳಗೆ ಕೊಯ್ದರೆ ಮರ ದಪ್ಪನೆಯ ಬದಿಗೆ ಎಳೆಯುತ್ತದೆ. ಕೀಲನ್ನು ಪೂರ್ತಿ ಕೊಯ್ದುಬಿಟ್ಟರೆ ಮರಕ್ಕೆ ದಿಕ್ಕೇ ಇಲ್ಲ. ಆ ಮರದ ಭಾರ ಎಷ್ಟು? 40 ಸೆಂ.ಮೀ. ದಪ್ಪ, 15 ಮೀಟರ್ ಉದ್ದದ ಸಿಲಿಂಡರ್ ಎಂದುಕೊಂಡರೆ 1.9 ಘನ ಮೀಟರ್ ಹತ್ತಿರ. ಮೇಲೆ ಸಣ್ಣಗಾಗುವುದನ್ನು ಕಳೆದು ಅರ್ಧಕ್ಕಿಂತ ತುಸು ಹೆಚ್ಚು ಇಟ್ಟುಕೊಂಡರೂ, ಹಸಿ ಮರ ಘನ ಮೀಟರ್‌ಗೆ 800 ಕೆ.ಜಿ. ಎಂದರೂ, ಮುಕ್ಕಾಲು ಟನ್ ಮೀರುತ್ತದೆ. ಅದರ ದಿಕ್ಕು ನಿರ್ಧರಿಸುವುದು ನಾಲ್ಕು ಸೆಂ.ಮೀ. ಮರ.

ಬೆಣೆಯೂ ಅಷ್ಟೇ ಮುಖ್ಯ. ಹಿಂಗೊಯ್ತ ಸ್ವಲ್ಪ ಒಳಹೋದ ಕೂಡಲೇ ಪ್ಲಾಸ್ಟಿಕ್ ಅಥವಾ ಮರದ ಬೆಣೆ ಹೊಡೆದರೆ ಮರ ಹಿಂದಕ್ಕೆ ಕೂತು ಬಾರನ್ನು ಕಚ್ಚುವುದಿಲ್ಲ. ಕಬ್ಬಿಣದ ಬೆಣೆಗೆ ಚೈನ್ ತಾಗಿದರೆ ಚೈನ್ ಹಾಳು. ನಮ್ಮ ಲೆಕ್ಕದ ಮರದಲ್ಲಿ ಕೀಲಿನಿಂದ ಹಿಂದಿನ ತೊಗಟೆಗೆ 28 ಸೆಂ.ಮೀ. ಅಲ್ಲಿ ಬೆಣೆ 2.5 ಸೆಂ.ಮೀ. ಎತ್ತಿದರೆ 15 ಮೀಟರ್ ಮೇಲಿನ ತುದಿ ಸುಮಾರು 1.3 ಮೀಟರ್ ಮುಂದಕ್ಕೆ ಸರಿಯುತ್ತದೆ.

ಮುಂದಕ್ಕೆ ಜಾಸ್ತಿ ವಾಲಿದ ಮರಕ್ಕೆ ಈ ಸಾಮಾನ್ಯ ವಿಧಾನ ಸಲ್ಲದು. ಹಿಂಗೊಯ್ತ ಅರ್ಧ ಆಗುವಷ್ಟರಲ್ಲಿ ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಸೀಳು ಮೇಲೆದ್ದು ಕೊಯ್ಯುವವನಿಗೆ ಬಡಿಯಬಹುದು. ಇದಕ್ಕೆ ‘ಬಾರ್ಬರ್ ಚೇರ್’ ಎನ್ನುತ್ತಾರೆ. ಅಂಥ ಮರಕ್ಕೆ ಬಾರನ್ನು ಕೀಲಿನ ಹಿಂದೆ ನಡುವೆ ತೂರಿಸಿ ಒಳಭಾಗ ಮೊದಲು ಕೊಯ್ದು, ಹಿಂದೆ ಒಂದು ಪಟ್ಟಿ ಉಳಿಸಿ, ಕೊನೆಗೆ ಅದನ್ನು ಬಿಡಿಸುತ್ತಾರೆ. ಇದು ಮೂತಿಯಿಂದ ಮಾಡುವ ಕೆಲಸವಾದ್ದರಿಂದ ಕಿಕ್‌ಬ್ಯಾಕ್ ಅಪಾಯವೂ ಇದೆ. ಅನುಭವಿಗಳ ಪಕ್ಕ ನಿಂತು ಕಲಿಯಬೇಕೇ ಹೊರತು ಓದಿ ಮಾಡುವಂಥದ್ದಲ್ಲ.

ಬಿದ್ದ ಮೇಲೂ ಕೆಲಸ ಮುಗಿದಿಲ್ಲ

ಬಿದ್ದ ಮರದ ಒಂದು ಬದಿ ಹಿಗ್ಗಿರುತ್ತದೆ, ಇನ್ನೊಂದು ಬದಿ ಒತ್ತಿರುತ್ತದೆ. ಎರಡು ತುದಿಯಲ್ಲಿ ಊರಿ ನಡುವೆ ಜೋತ ದಿಮ್ಮಿಗೆ ಮೇಲೆ ಒತ್ತಡ, ಕೆಳಗೆ ಎಳೆತ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಒತ್ತಿದ ಬದಿಯಲ್ಲಿ ಮೂರರಲ್ಲಿ ಒಂದು ಭಾಗ ಕೊಯ್ದು, ಆಮೇಲೆ ಹಿಗ್ಗಿದ ಬದಿಯಿಂದ ಕೊಯ್ತ ಕೂಡಿಸಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗೆ ಅಡ್ಡ ಬಿದ್ದ ಮರಗಳಲ್ಲಿ ಇಂಥ ಬಿಗಿ ಎಲ್ಲಿ ಅಡಗಿದೆ ಎಂದು ಹೇಳುವುದೇ ಕಷ್ಟವಾಗಿತ್ತು. ಬಿಲ್ಲಿನಂತೆ ಬಾಗಿ ನಿಂತ ಸಣ್ಣ ಗಿಡವೂ ಕೊಯ್ದೊಡನೆ ಚಿಮ್ಮಿ ಕಾಲು ಮುರಿಯಬಲ್ಲದು. ಇಳಿಜಾರಿನಲ್ಲಿ ಯಾವಾಗಲೂ ದಿಮ್ಮಿಯ ಮೇಲ್ಬದಿಗೆ ನಿಲ್ಲಬೇಕು. ಬೇರೆ ಮರಕ್ಕೆ ಒರಗಿ ನಿಂತ ಮರದ ಕೆಳಗೆ ಹೋಗಲೇಬಾರದು. ಹಗ್ಗ ಕಟ್ಟಿ ದೂರದಿಂದ ಎಳೆಯಬೇಕು.

ಕಪಾತಿಗೆ ಮರ ಹತ್ತುವವರ ವಿಷಯ ಬೇರೆಯೇ. ಕೊಂಬೆ ಕಡಿಯುವಾಗ ಮೊದಲು ಕೆಳಗಿನಿಂದ ಸಣ್ಣ ಕೊಯ್ತ, ಸ್ವಲ್ಪ ಹೊರಗೆ ಮೇಲಿನಿಂದ ಎರಡನೆಯದು, ಕೊನೆಗೆ ಕಾಂಡದ ಹತ್ತಿರ ಉಳಿದ ಮೋಟು. ಹೀಗೆ ಮೂರು ಹಂತ ಮಾಡಿದರೆ ತೊಗಟೆ ಸುಲಿಯದೆ ಮರ ಉಳಿಯುತ್ತದೆ. ಸೊಂಟಕ್ಕೆ ಬೆಲ್ಟ್, ಮರಕ್ಕೆ ಹಗ್ಗ ಇಲ್ಲದೆ ಮೆಷಿನ್ ಸಮೇತ ಹತ್ತುವುದು ಜೀವದ ಜೊತೆ ಜೂಜು. ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ಅಲ್ಯೂಮಿನಿಯಂ ಏಣಿ ತಗುಲಿ ಸತ್ತವರ ಸುದ್ದಿ ಮೆಣಸು ಕೊಯ್ಲಿನಲ್ಲೂ ಕಪಾತಿನಲ್ಲೂ ಕೊಡಗಿಗೆ ಹೊಸದಲ್ಲ. ತಂತಿ ಹತ್ತಿರವಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆಯೇ ಮರ ಮುಟ್ಟಬೇಕು.

ಕಾನೂನಿನ ಕಚ್ಚು

ಸ್ವಂತ ತೋಟದ ಮರವಾದರೂ ಇಷ್ಟ ಬಂದಂತೆ ಕಡಿಯುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣ, ರಬ್ಬರ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಬೀಟೆ, ತೇಗದಂಥ ಮರಗಳ ಹಕ್ಕು ಜಮೀನಿನ ದಾಖಲೆಯ ಮೇಲೆ ನಿಂತಿರುತ್ತದೆ. ಜಮ್ಮಾ ಬಾಣೆ ಇರುವ ಕೊಡಗಿನಲ್ಲಿ ಇದು ಇನ್ನೂ ಜಟಿಲ. ‘ಮಾಲೀಕರು ಹೇಳಿದರು, ಕಡಿದೆ’ ಎಂದರೆ ನಡೆಯುವುದಿಲ್ಲ. ಅಕ್ರಮ ಕಡಿತದಲ್ಲಿ ಬಳಸಿದ ಮೆಷಿನ್ ಜಪ್ತಿಯಾಗಬಹುದು. ಅನುಮತಿ ಪತ್ರ ಕಣ್ಣಾರೆ ನೋಡಿಯೇ ಹಗ್ಗ ಎಳೆಯಿರಿ.

ಕಲಿಸುವವರು ಬೇಕು

ಯುರೋಪಿನಲ್ಲಿ ಯುರೋಪಿಯನ್ ಚೈನ್‌ಸಾ ಸರ್ಟಿಫಿಕೇಟ್ ಎಂಬುದಿದೆ. ನಾಲ್ಕು ಹಂತ: ಮೊದಲು ಮೆಷಿನ್ ನಿರ್ವಹಣೆ ಮತ್ತು ಬಿದ್ದ ಮರ ತುಂಡರಿಸುವುದು, ಎರಡನೆಯದು ಸಣ್ಣ ಮರ ಬೀಳಿಸುವುದು, ಮೂರನೆಯದು ದೊಡ್ಡ ಮತ್ತು ಕಷ್ಟದ ಮರ, ನಾಲ್ಕನೆಯದು ಗಾಳಿಗೆ ಬಿದ್ದ ಮರ. ಈ ಕ್ರಮ ನೋಡಿ ನನಗೆ ಅನಿಸಿದ್ದು, ನಮ್ಮಲ್ಲಿ ಹುಡುಗರು ನೇರವಾಗಿ ನಾಲ್ಕನೇ ಹಂತಕ್ಕೇ ಇಳಿಯುತ್ತಾರೆ. ಮಳೆಗಾಲದ ರಾತ್ರಿ ರಸ್ತೆಗೆ ಮರ ಬಿದ್ದರೆ ಟಾರ್ಚ್ ಬೆಳಕಿನಲ್ಲಿ ಕೊಯ್ಯುವವರು ಅವರೇ.

ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಚೆಟ್ಟಳ್ಳಿಯಲ್ಲೇ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇವೆ. ಜಿಲ್ಲೆಯಲ್ಲಿ ಐಟಿಐಗಳಿವೆ. ಇವುಗಳಲ್ಲಿ ಯಾವುದಾದರೂ ಒಂದು, ಬೆಳೆಗಾರರ ಸಂಘಗಳ ಜೊತೆ ಸೇರಿ, ಕಪಾತು ಶುರುವಾಗುವ ಮೊದಲು ಒಂದು ವಾರದ ತರಬೇತಿ ಕೊಟ್ಟರೆ ಎಷ್ಟೋ ಮನೆಗಳು ಉಳಿಯುತ್ತವೆ. ತರಬೇತಿ ಪಡೆದವರಿಗೆ ಕೆಲಸದ ದಾರಿಯೂ ದೊಡ್ಡದಾಗುತ್ತದೆ. ಅಗ್ನಿಶಾಮಕ ದಳ, ವಿದ್ಯುತ್ ನಿಗಮದ ಗುತ್ತಿಗೆ, ನಗರಗಳಲ್ಲಿ ಮನೆ ಪಕ್ಕದ ಮರ ಸವರುವ ಕೆಲಸ, ಎಲ್ಲ ಕಡೆಯೂ ಮೆಷಿನ್ ಬಲ್ಲವರು ಬೇಕು. ಚೈನ್‌ಸಾ ರಿಪೇರಿಯೇ ಒಂದು ಉದ್ಯೋಗ. ಡಿಪ್ಲೊಮಾ, ಬಿಇ ಮಾಡಿದವರು ಅದನ್ನು ಕೀಳೆಂದು ನೋಡಬೇಕಿಲ್ಲ.

ಅಲ್ಲಿಯವರೆಗೆ ಕೈಗೆಟಕುವ ಎರಡು ಕೆಲಸ ಇವೆ. ಒಂದು, 18ರಿಂದ 70 ವರ್ಷದವರೆಗೆ ಬ್ಯಾಂಕ್ ಖಾತೆ ಇರುವ ಯಾರೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಟ್ಟಿ ಅಪಘಾತಕ್ಕೆ ಎರಡು ಲಕ್ಷದ ವಿಮೆ ಪಡೆಯಬಹುದು. ಮರದ ಕೆಲಸಕ್ಕೆ ಹೋಗುವ ಗೆಳೆಯರಿದ್ದರೆ ಇವತ್ತೇ ಹೇಳಿ. ಎರಡು, ತೋಟದ ಮಾಲೀಕರ ಮಕ್ಕಳಾದ ನಾವು ಮನೆಯಲ್ಲಿ ಮಾತಾಡಬೇಕು. ಒಂದು ಮರಕ್ಕೆ ಇಷ್ಟು ಎಂದು ಚೌಕಾಸಿ ಮಾಡುವಾಗ ಹೆಲ್ಮೆಟ್, ಚಾಪ್ಸ್, ಹಗ್ಗ, ಬೆಲ್ಟ್‌ನ ಖರ್ಚೂ ಆ ಲೆಕ್ಕದಲ್ಲಿ ಇರಲಿ ಎಂದು ಕೇಳಬೇಕು. ಕಾಫಿಗೆ ಗೊಬ್ಬರ ಹಾಕಲು ಹಿಂದೆಮುಂದೆ ನೋಡದ ಅಪ್ಪ, ಚಿಕ್ಕಪ್ಪಂದಿರು ನಾಲ್ಕು ಹೆಲ್ಮೆಟ್‌ಗೆ ಇಲ್ಲ ಎನ್ನಲಾರರು, ಕೇಳುವವರು ಇದ್ದರೆ.